ರೋಮ್ ಅಲ್ಲ ಅಂತ ಹೇಳಿಕೊಟ್ಟ ಸಾಫ್ಟ್‌ವೇರ್: ಗೂಗಲ್ ಅರ್ಥ್ ಪ್ರೊ ಬಳಸಿದ ಅನುಭವ

ತಿಪಟೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ರಾತ್ರಿ ಒಂಬತ್ತೂವರೆಗೆ ಶಟರ್ ಎಳೆಯುತ್ತೇನೆ. ಮನೆಗೆ ಬಂದು ಊಟ ಮುಗಿಸಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಮೊದಮೊದಲು ಹೆಂಡತಿ ಕೇಳಿದರೆ 'ಸ್ಟಾಕ್ ಲೆಕ್ಕ' ಅನ್ನುತ್ತಿದ್ದೆ. ಒಂದು ದಿನ ಹಿಂದಿನಿಂದ ಬಂದು ನೋಡಿದಳು. ಪರದೆ ಮೇಲೆ ಯಾವುದೋ ದೇಶದ ಯಾವುದೋ ಮನೆಯ ಮಾಡು. ಅದರ ಹೆಂಚನ್ನು ನಾನು ದೊಡ್ಡದು ಮಾಡಿ ನೋಡುತ್ತಿದ್ದೆ. ಅವತ್ತಿನಿಂದ ಸುಳ್ಳು ಹೇಳೋದು ಬಿಟ್ಟಿದ್ದೇನೆ.

ಈ ಹುಚ್ಚು ಹತ್ತಿದ್ದು ಎಎಕ್ಸ್‌ಎನ್ ಚಾನೆಲ್‌ನಿಂದ. ಅದರಲ್ಲಿ 'ದಿ ಅಮೇಜಿಂಗ್ ರೇಸ್' ಬರುತ್ತಿತ್ತು. ಜೋಡಿ ಜೋಡಿಯಾಗಿ ಜನ ದೇಶದಿಂದ ದೇಶಕ್ಕೆ ಓಡುತ್ತಾರೆ. ಒಂದೊಂದು ಊರಿನಲ್ಲೂ ಏನೋ ಒಂದು ಕೆಲಸ ಮಾಡಬೇಕು. ಕೊನೆಗೆ ತಲುಪಿದ ಜೋಡಿಗೆ ನಿರೂಪಕ ಫಿಲ್ ಕೋಗನ್ ಮುಖ ಸಪ್ಪೆ ಮಾಡಿಕೊಂಡು ನೀವು ಔಟ್ ಅನ್ನುತ್ತಾನೆ. ಅಮೆರಿಕದಲ್ಲಿ ಇದರ ಮೊದಲ ಕಂತು ಬಂದದ್ದು 2001ರ ಸೆಪ್ಟೆಂಬರ್ 5ಕ್ಕೆ. ಎಎಕ್ಸ್‌ಎನ್ ನಮ್ಮಲ್ಲಿ 2020ರಲ್ಲಿ ಬಾಗಿಲು ಹಾಕಿತು. ನನ್ನ ಹುಚ್ಚು ಹಾಕಲಿಲ್ಲ.

ಈ ಶೋನ ಚಿತ್ರೀಕರಣ ಪ್ರಸಾರಕ್ಕಿಂತ ತಿಂಗಳುಗಟ್ಟಲೆ ಮುಂಚೆಯೇ ಮುಗಿದಿರುತ್ತದೆ. ಸೋತವರನ್ನೂ ಶೂಟಿಂಗ್ ಮುಗಿಯೋವರೆಗೆ ಮನೆಗೆ ಕಳಿಸೋದಿಲ್ಲ, ಒಂದು ಕಡೆ ಇಟ್ಟಿರುತ್ತಾರೆ. ಇಲ್ಲಾಂದ್ರೆ ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತದಲ್ಲ. ಹಾಗಾಗಿ ಅಭಿಮಾನಿಗಳ ಕೈಗೆ ಸಿಗೋದು ಅರ್ಧ ನಿಮಿಷದ ಜಾಹೀರಾತು, ನಾಲ್ಕು ಫೋಟೋ. ಅದನ್ನೇ ಒಂದೊಂದು ಫ್ರೇಮ್ ನಿಲ್ಲಿಸಿ, ಹಿಂದೆ ಕಾಣೋ ಕಂಬ, ಬೋರ್ಡು, ಬೆಟ್ಟ ನೋಡಿ ಇದು ಯಾವ ಊರು ಅಂತ ಪತ್ತೆ ಹಚ್ಚೋದೇ ಆಟ.

ನಮ್ಮದು ಐದು ಜನರ ಗುಂಪು. ನಾನು, ಬೆಂಗಳೂರಿನಲ್ಲಿರುವ ಭಾಮೈದ, ಜ್ಯೂರಿಕ್‌ನಲ್ಲಿ ಕೆಲಸ ಮಾಡೋ ಅವನ ಗೆಳೆಯ, ಇನ್ನಿಬ್ಬರು. ಹೊಸ ಸೀಸನ್ ಇಲ್ಲದ ಕಾಲದಲ್ಲಿ ಹಳೆ ಕಂತುಗಳಿಂದ ಒಂದು ಫ್ರೇಮ್ ಕತ್ತರಿಸಿ, ಹೆಸರು ಹೇಳದೆ ಒಬ್ಬರು ಕಳಿಸುತ್ತಾರೆ. ಎರಡು ರಾತ್ರಿಯೊಳಗೆ ಉಳಿದವರು ಊರು ಹೇಳಬೇಕು. ಸೋತವರು ಮುಂದಿನ ಸಲ ಸಿಕ್ಕಾಗ ಮಸಾಲೆದೋಸೆ ಕೊಡಿಸಬೇಕು. ನನ್ನ ಲೆಕ್ಕದಲ್ಲಿ ಹನ್ನೊಂದು ದೋಸೆ ಬಾಕಿ ಇದೆ.

ಅದರಲ್ಲಿ ಒಂದು ದೋಸೆಯ ಕಥೆ ಹೇಳಲೇಬೇಕು. ಈ ವಿಮರ್ಶೆ ಹುಟ್ಟಿದ್ದೇ ಅಲ್ಲಿಂದ.

ಭಾಮೈದ ಒಂದು ಫ್ರೇಮ್ ಕಳಿಸಿದ್ದ. ಕಲ್ಲಿನ ಕಮಾನುಗಳ ಸಾಲು, ಒಂದರ ಮೇಲೊಂದು. ಜೇನಿನ ಬಣ್ಣದ ಕಲ್ಲು. ನೋಡಿದ ತಕ್ಷಣ ಯಾರು ಬೇಕಾದರೂ ರೋಮ್‌ನ ಕೊಲೋಸಿಯಂ ಅನ್ನುತ್ತಾರೆ. ಆದರೂ ಖಾತ್ರಿ ಇರಲಿ ಅಂತ, ಫೋಟೋ ಹಾಕಿದರೆ ಜಾಗ ಹೇಳುತ್ತೇವೆ ಅನ್ನುವ ಒಂದು ಆಪ್‌ಗೆ ದುಡ್ಡು ಕಟ್ಟಿದ್ದೆ. ಹೆಸರು ಬೇಡ ಬಿಡಿ. ಅದು ಕಣ್ಣು ಮಿಟುಕಿಸೋದರೊಳಗೆ 'ರೋಮ್' ಅಂತು, ಪಕ್ಕದಲ್ಲಿ ಹಸಿರು ಟಿಕ್ ಬೇರೆ. ನಾನೂ ಗುಂಪಿನಲ್ಲಿ ರೋಮ್ ಅಂತ ಬರೆದು, ಸುಲಭ ಆಯ್ತು, ಕಷ್ಟದ್ದು ಕಳಿಸಿ ಅಂತ ಕಾಲೆಳೆದೆ.

ಭಾಮೈದ ಒಂದೇ ಮಾತು ಬರೆದ. 'ಮಹಡಿ ಎಣಿಸಿ, ಭಾವ.'

ಎಣಿಸಿದೆ. ಮೂರು ಸಾಲು ಕಮಾನು, ಅದರ ಮೇಲೆ ಆಕಾಶ. ಕೊಲೋಸಿಯಂನ ಹೊರಗೋಡೆಗೆ ಮೂರು ಸಾಲು ಕಮಾನಿನ ಮೇಲೆ ನಾಲ್ಕನೆಯದೊಂದು ಮಹಡಿ ಇದೆ. ಅದರಲ್ಲಿ ಕಮಾನಿಲ್ಲ. ಸಣ್ಣ ಕಿಟಕಿಗಳಿರೋ ಗೋಡೆ. ಸರಿ, ಮೇಲಿನ ಭಾಗ ಬಿದ್ದ ಕಡೆಯಿಂದ ತೆಗೆದಿರಬಹುದು ಅಂತ ಸಮಾಧಾನ ಮಾಡಿಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ಫ್ರೇಮಿನ ಬಲಮೂಲೆ. ಅಲ್ಲಿ ನಾಲ್ಕೈದು ಮನೆಗಳು, ಎಲ್ಲಕ್ಕೂ ಚಪ್ಪಟೆ ತಾರಸಿ, ಸುಣ್ಣದ ಬಣ್ಣದ ಗೋಡೆ. ಹೆಂಚಿನ ಮಾಡು ಒಂದೂ ಇಲ್ಲ.

ಇಡೀ ಭೂಮಿಯನ್ನು ಉಪಗ್ರಹ ಚಿತ್ರಗಳಲ್ಲಿ ತೋರಿಸೋ ಗೂಗಲ್ ಅರ್ಥ್ ಪ್ರೊ ತೆಗೆದು ರೋಮ್ ಮೇಲೆ ಇಳಿದೆ. ಸುತ್ತ ಎಲ್ಲಿ ನೋಡಿದರೂ ಕೆಂಪು ಹೆಂಚು. ಕೊಲೋಸಿಯಂ ಪಕ್ಕದಲ್ಲಿ ಅಗಲ ರಸ್ತೆ, ಮರಗಳು, ಕಾನ್‌ಸ್ಟಂಟೈನ್ ಕಮಾನು. ನೆಲಮಟ್ಟಕ್ಕೆ ಇಳಿದು ಪೂರ್ತಿ ಒಂದು ಸುತ್ತು ಬಂದೆ. ಫ್ರೇಮಿನಲ್ಲಿದ್ದ ತಾರಸಿ ಮನೆಗಳನ್ನು ಕೂರಿಸೋಕೆ ಜಾಗವೇ ಇಲ್ಲ. ಹಾಗಾದರೆ ರೋಮನ್ನರು ಇನ್ನೆಲ್ಲಿ ಇಂಥದ್ದು ಕಟ್ಟಿದ್ದರು ಅಂತ ಹುಡುಕುತ್ತಾ ಹೋದೆ. ಯುರೋಪಿನ ಪುಲಾ, ವೆರೋನಾ, ನೀಮ್, ಆರ್ಲ್, ಎಲ್ಲ ಕಡೆ ಹೆಂಚು. ರಾತ್ರಿ ಹನ್ನೆರಡೂವರೆಗೆ ಟುನೀಶಿಯಾದ ಎಲ್ ಜೆಮ್ ಮೇಲೆ ಇಳಿದಾಗ ನಗು ಬಂತು. ಬಯಲಿನ ನಡುವೆ ಬಿಳಿ ತಾರಸಿಗಳ ಸಣ್ಣ ಊರು, ಆ ಊರಿನ ಮಧ್ಯೆ ಆನೆ ಮಲಗಿದ ಹಾಗೆ ಆ ಕಟ್ಟಡ. ಅಳತೆಪಟ್ಟಿ ಎಳೆದು ನೋಡಿದರೆ ಉದ್ದ ಸುಮಾರು 148 ಮೀಟರ್. ಕೊಲೋಸಿಯಂ 188ರ ಹತ್ತಿರ. ಅಮೇಜಿಂಗ್ ರೇಸ್‌ನ ಮೊದಲ ಸೀಸನ್‌ನಲ್ಲಿ ಜೋಡಿಗಳು ಎಲ್ ಜೆಮ್‌ಗೆ ಹೋಗಿದ್ದವು. ಈ ಶೋನ ಅಭಿಮಾನಿ ಅಂತ ಹೇಳಿಕೊಂಡು ತಿರುಗೋ ನನಗೆ ಅದು ನೆನಪೇ ಆಗಲಿಲ್ಲ.

ಆ ಆಪ್‌ನವರಿಗೆ ದುಡ್ಡು ವಾಪಸ್ ಕೇಳಿ ಬರೆದೆ. ಉತ್ತರ ಇವತ್ತಿಗೂ ಬಂದಿಲ್ಲ.

ಈಗ ಗೂಗಲ್ ಅರ್ಥ್ ಪ್ರೊ ಬಗ್ಗೆ. ಕೀಹೋಲ್ ಅನ್ನೋ ಕಂಪನಿಯನ್ನು ಗೂಗಲ್ 2004ರಲ್ಲಿ ಕೊಂಡುಕೊಂಡಿತು, ಮರುವರ್ಷ ಗೂಗಲ್ ಅರ್ಥ್ ಬಂತು. ಅದರ 'ಪ್ರೊ' ರೂಪಕ್ಕೆ ವರ್ಷಕ್ಕೆ 399 ಡಾಲರ್ ಇತ್ತು. 2015ರ ಜನವರಿಯಿಂದ ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಮೊಬೈಲ್‌ನಲ್ಲಿ, ಬ್ರೌಸರ್‌ನಲ್ಲಿ ಬರೋ ಗೂಗಲ್ ಅರ್ಥ್ ಬೇರೆ, ಇದು ಬೇರೆ. ಇದನ್ನು ಡೌನ್‌ಲೋಡ್ ಮಾಡಿ ಕಂಪ್ಯೂಟರ್‌ಗೆ ಹಾಕಿಕೊಳ್ಳಬೇಕು. ನೋಡೋಕೆ ಹಳೇ ಕಾಲದ ಸಾಫ್ಟ್‌ವೇರ್ ತರ ಇದೆ. ಸಣ್ಣ ಸಣ್ಣ ಐಕಾನ್, ಎಡಗಡೆ ಉದ್ದದ ಪಟ್ಟಿ. ನನ್ನ ಮಗ ನೋಡಿ 'ಅಪ್ಪಾ, ಇದು ನಿನ್ನ ಬಿಲ್ಲಿಂಗ್ ಸಾಫ್ಟ್‌ವೇರ್ ಅಣ್ಣನಾ?' ಅಂದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋಟೋ ಕೊಟ್ಟರೆ ಇದು ಊರು ಹೇಳೋದಿಲ್ಲ. ಮೊದಲ ಅನುಮಾನ ನಿಮ್ಮದೇ ಆಗಿರಬೇಕು. ಅನುಮಾನ ತಗೊಂಡು ಹೋದರೆ, ಅದು ತಪ್ಪಾಗಿದ್ದರೆ, ಮುಲಾಜಿಲ್ಲದೆ ಅಲ್ಲ ಅನ್ನುತ್ತದೆ. ನನಗೆ ಬೇಕಾಗಿರೋದೂ ಅದೇ. ಹೌದು ಹೌದು ಅನ್ನೋರು ಈ ಆಟದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆ ಮೊದಲ ಅನುಮಾನ ಬರೋದು ಎಲ್ಲಿಂದ ಅಂದರೆ, ನಮ್ಮ ಸುತ್ತಮುತ್ತ ನೋಡಿದ್ದರಿಂದಲೇ. ತಿಪಟೂರಿನವನಿಗೆ ತೆಂಗು ಗೊತ್ತಿಲ್ಲದೆ ಇರುತ್ತದಾ? ಜೋಡಿಯೊಂದು ಸರೋವರದ ದಂಡೆ ಮೇಲೆ ಓಡೋ ಫ್ರೇಮ್ ಒಂದು ಬಂತು, ಹಿಂದೆ ಉದ್ದಕ್ಕೂ ಮರಗಳು. ಗುಂಪಿನಲ್ಲಿ ಒಬ್ಬ ತೆಂಗಿನ ಮರ, ಫಿಲಿಪೀನ್ಸ್ ಇರಬಹುದು ಅಂದ. ನಾನು ಒಂದು ಕ್ಷಣಕ್ಕೇ ತೆಂಗಲ್ಲ ಅಂದೆ. ತೆಂಗಿನ ಗರಿ ಹಕ್ಕಿಯ ಪುಕ್ಕದ ಹಾಗೆ ಎರಡೂ ಕಡೆ ಇಳಿಬಿದ್ದಿರುತ್ತದೆ. ಇದರ ಎಲೆ ತಾಳೆಯ ಎಲೆಯ ಹಾಗೆ, ಬೀಸಣಿಗೆ ಬಿಚ್ಚಿದಂತೆ. ಕಾಂಡಕ್ಕೆ ನಾರು ಸುತ್ತಿಕೊಂಡಿತ್ತು. ಚಳಿ ತಡೆಯೋ ಈ ಜಾತಿ ಸ್ವಿಟ್ಜರ್ಲೆಂಡಿನ ದಕ್ಷಿಣಕ್ಕೆ, ಲೊಕಾರ್ನೊ ಕಡೆಯ ಸರೋವರದ ದಂಡೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಹಿಮದ ದೇಶ ಅಂತ ನಾವು ಅಂದುಕೊಂಡಿರೋ ಕಡೆ ತಾಳೆ ತರದ ಮರ! ಅವತ್ತು ದೋಸೆ ನನಗೆ ಬಂತು. ಇಡೀ ಆಟದಲ್ಲಿ ಕೊಬ್ಬರಿ ಊರಿಗೆ ಸಿಕ್ಕ ಏಕೈಕ ಮರ್ಯಾದೆ ಅದು.

ಇನ್ನೊಂದು ನನ್ನ ಮೆಚ್ಚಿನ ಸುಳಿವು ಡಿಶ್ ಆಂಟೆನಾ. ಟಿವಿ ಉಪಗ್ರಹಗಳು ಇರೋದು ಸಮಭಾಜಕ ವೃತ್ತದ ನೆತ್ತಿಯ ಮೇಲೆ. ನಮ್ಮೂರಿನ ತಾರಸಿ ಮೇಲಿರೋ ಡಿಶ್ ನೋಡಿ, ಮಳೆಗೆ ಬಟ್ಟಲು ಹಿಡಿದ ಹಾಗೆ ಮೇಲಕ್ಕೆ ಮುಖ ಮಾಡಿರುತ್ತದೆ. ಉತ್ತರಕ್ಕೆ ಹೋದಷ್ಟೂ ಅದರ ತಲೆ ತಗ್ಗುತ್ತದೆ. ನಾರ್ವೆ ಕಡೆಯ ಗೋಡೆಗಳ ಮೇಲಿನ ಡಿಶ್ ನೆಲ ನೋಡಿ ನಾಚಿಕೊಂಡ ಹಾಗೆ ಕಾಣುತ್ತದೆ. ಒಂದು ಡಿಶ್ ಸಿಕ್ಕರೆ ದೇಶ ಸಿಗದಿದ್ದರೂ ಎಷ್ಟು ಉತ್ತರ ಅನ್ನೋದು ಸಿಕ್ಕಿತು. ಅದು ನೋಡೋ ದಿಕ್ಕಿನಿಂದ ಭೂಮಿಯ ಯಾವ ಅರ್ಧ ಅನ್ನೋದೂ ಗೊತ್ತಾಗುತ್ತದೆ.

ಶೋನವರೇ ಕೊಡೋ ಸುಳಿವೂ ಇದೆ. ಜೋಡಿಗಳಿಗೆ ದಾರಿ ತೋರಿಸೋಕೆ ಹಳದಿ ಕೆಂಪು ಬಾವುಟ ಕಟ್ಟಿರುತ್ತಾರೆ. ಮೂರನೇ ಸೀಸನ್‌ನಲ್ಲಿ ವಿಯೆಟ್ನಾಂಗೆ ಹೋದಾಗ ಮಾತ್ರ ಹಳದಿ ಬಿಳಿ ಕಟ್ಟಿದ್ದರು. ಹಳದಿ ಕೆಂಪು ಅಂದರೆ ಹಿಂದಿನ ದಕ್ಷಿಣ ವಿಯೆಟ್ನಾಂ ಬಾವುಟದ ಬಣ್ಣ, ಅಲ್ಲಿ ಅದು ಬೇರೆಯೇ ಅರ್ಥ ಕೊಡುತ್ತದೆ. ಹಳೇ ಸೀಸನ್‌ನ ಫ್ರೇಮಿನಲ್ಲಿ ಹಳದಿ ಬಿಳಿ ಕಂಡರೆ, ಮೊದಲ ಸೀಸನ್ ಅಲ್ಲದಿದ್ದರೆ, ನಾನು ನೇರವಾಗಿ ವಿಯೆಟ್ನಾಂ ಕಡೆ ಹಾರುತ್ತೇನೆ. ಮೊದಲ ಸೀಸನ್‌ನಲ್ಲಿ ಎಲ್ಲ ಕಡೆ ಹಳದಿ ಬಿಳಿಯೇ ಇತ್ತು.

ಸಾಫ್ಟ್‌ವೇರ್‌ಗೆ ನಾನು ಇಟ್ಟ ನಿಜವಾದ ಪರೀಕ್ಷೆ ಬೆಟ್ಟದ್ದು. ಉತ್ತರ ಗೊತ್ತಿರೋ ಫ್ರೇಮ್ ತಗೊಂಡೆ, ಇಲ್ಲಾಂದ್ರೆ ಪರೀಕ್ಷೆ ಆಗೋದಿಲ್ಲ. 14ನೇ ಸೀಸನ್, 2009ರದ್ದು. ಆ ಕಂತು ನೋಡಿದವರು ಮರೆಯೋದಿಲ್ಲ. ಮೊದಲು ಲೊಕಾರ್ನೊ ಹತ್ತಿರ ವೆರ್ಜಾಸ್ಕಾ ಅಣೆಕಟ್ಟಿನ ಮೇಲಿಂದ 220 ಮೀಟರ್ ಬಂಜಿ ಹಾರುತ್ತಾರೆ. ಆಮೇಲೆ ಇಂಟರ್‌ಲಾಕನ್ ಕಡೆ ಬಂದು, ಇಳಿಜಾರು ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಚೀಸ್ ಗಾಲಿಗಳನ್ನು ಹಳೇ ಮರದ ಹೊರೆಗೂಡೆಯಲ್ಲಿ ಬೆನ್ನ ಮೇಲೆ ಹೊತ್ತು ಇಳಿಸಬೇಕು. ಒಂದೊಂದು ಇಪ್ಪತ್ತೆರಡು ಕಿಲೋ ಮೇಲೆ. ಹೊರೆಗೂಡೆ ಮುರಿದು ಚೀಸ್ ಉರುಳಿಕೊಂಡು ಹೋಗುತ್ತದೆ, ಹಿಂದೆ ಜನ ಜಾರಿಕೊಂಡು ಹೋಗುತ್ತಾರೆ. ನಮ್ಮಪ್ಪ ಆ ದಿನ ನಕ್ಕಷ್ಟು ನಾನು ಅವರನ್ನು ನೋಡಿಯೇ ಇಲ್ಲ. ಕೊನೆಗೆ ಸೇರೋದು ಲೌಟರ್‌ಬ್ರುನ್ನನ್ ಕಣಿವೆಯ ತುದಿಯ ಸ್ಟೆಚಲ್‌ಬರ್ಗ್‌ನಲ್ಲಿ.

ಆ ಕಣಿವೆ ಎರಡೂ ಕಡೆ ಗೋಡೆ ಎಬ್ಬಿಸಿದ ಹಾಗೆ ಇದೆ, ನಡುವೆ ಚಪ್ಪಟೆ ಹುಲ್ಲು. ಪರದೆಯ ಎಡಕ್ಕೆ ಫ್ರೇಮ್, ಬಲಕ್ಕೆ ಅರ್ಥ್ ಪ್ರೊ ಇಟ್ಟುಕೊಂಡೆ. ಲೌಟರ್‌ಬ್ರುನ್ನನ್ ಹಳ್ಳಿಯಲ್ಲಿ, ಸ್ಟಾಬ್‌ಬಾಖ್ ಜಲಪಾತದ ಬುಡದಲ್ಲಿ ನೆಲಕ್ಕಿಳಿದು ದಕ್ಷಿಣಕ್ಕೆ ನಡೆಯುತ್ತಾ ಹೋದೆ. ಅರ್ಧ ಕಿಲೋಮೀಟರ್‌ಗೊಮ್ಮೆ ನಿಂತು ತಲೆ ಎತ್ತಿ ನೋಡೋದು. ಬಂಡೆಯ ಏಣು ನಿಧಾನಕ್ಕೆ ಜಾರುತ್ತಿತ್ತು, ಬಸ್ಸಿನ ಕಿಟಕಿಯಿಂದ ಬೆಟ್ಟ ನೋಡಿದ ಹಾಗೆ. ಇಲ್ಲಿ ಒಂದು ಸೌಲಭ್ಯ ಇದೆ, ಜನ ಜಾಸ್ತಿ ಬಳಸೋದಿಲ್ಲ. ನಿಮ್ಮ ಫೋಟೋವನ್ನೇ ಒಳಗೆ ಸೇರಿಸಿ, ಗಾಜಿನಷ್ಟು ತೆಳುವಾಗಿಸಿ, ಬೆಟ್ಟದ ಮುಂದೆ ನೇತುಹಾಕಬಹುದು. ಹಾಗೆ ಮಾಡಿ ನೋಡಿದರೆ ಫೋಟೋದ ಬೆಟ್ಟ ಒಂದು, ಪರದೆಯ ಬೆಟ್ಟ ಒಂದು. ಎರಡೂ ಕೂಡಲೇ ಇಲ್ಲ. ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಬೆಟ್ಟ ಎಲ್ಲೋ ತೀರಾ ಎತ್ತರ ಅನ್ನಿಸುತ್ತಿತ್ತು. ಎರಡು ರಾತ್ರಿ ಹೋಯಿತು.

ಮೂರನೇ ದಿನ ಸುಮ್ನೆ ನಮ್ಮೂರ ಕಡೆ ಇಳಿದು ಬರೋಣ ಅಂತ ಬಂದರೆ, ಹಾಸನ ರಸ್ತೆಯ ಸಣ್ಣ ಗುಡ್ಡವೊಂದು ಹಿಮಾಲಯದ ಹಾಗೆ ಸೆಟೆದು ನಿಂತಿದೆ! ಮಗ ಆಟ ಆಡೋಕೆ ಹೋಗಿ ನೆಲದ ಎತ್ತರವನ್ನು ಮೂರು ಪಟ್ಟು ಉಬ್ಬಿಸೋ ಸೆಟ್ಟಿಂಗ್ ಬದಲಾಯಿಸಿದ್ದ. ಟೂಲ್ಸ್ ಒಳಗೆ ಆಪ್ಷನ್ಸ್, ಅದರಲ್ಲಿ ಎಲಿವೇಶನ್ ಎಗ್ಸಾಜರೇಶನ್ ಅಂತ ಒಂದು ಸಣ್ಣ ಚೌಕ. ಅದು 1 ಇರಬೇಕು. 1 ಮಾಡಿ ಸ್ಟೆಚಲ್‌ಬರ್ಗ್‌ಗೆ ಹೋದೆ, ಫೋಟೋ ನೇತುಹಾಕಿದೆ, ಎರಡು ಬೆರಳಗಲ ಸರಿಸಿದೆ. ಏಣಿಗೆ ಏಣು ಕೂತುಕೊಂಡಿತು. ಮಧ್ಯರಾತ್ರಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಮಗನಿಗೆ ಬೆಳಿಗ್ಗೆ ಬೈಯಬೇಕು ಅಂದುಕೊಂಡಿದ್ದೆ, ಖುಷಿಯಲ್ಲಿ ಮರೆತುಹೋಯಿತು.

ಹಳೆ ಚಿತ್ರಗಳ ಪಟ್ಟಿಯೂ ತುಂಬಾ ಕೆಲಸಕ್ಕೆ ಬರುತ್ತದೆ. ಮೇಲೆ ಗಡಿಯಾರದ ಗುರುತು ಒತ್ತಿದರೆ ವರ್ಷಗಳ ಗೆರೆ ಬರುತ್ತದೆ, ಎಳೆದ ಹಾಗೆ ಆ ಜಾಗದ ಹಳೇ ಉಪಗ್ರಹ ಚಿತ್ರಗಳು ಕಾಣುತ್ತವೆ. ಇಪ್ಪತ್ತು ವರ್ಷದ ಹಿಂದಿನ ಕಂತಿನಲ್ಲಿದ್ದ ಮೈದಾನ ಈಗ ಮಾಲ್ ಆಗಿರುತ್ತದೆ. ಇವತ್ತಿನ ಚಿತ್ರ ನೋಡಿ ಹೋಲಿಸಿದರೆ ಸರಿಯಾದ ಜಾಗವನ್ನೇ ಅಲ್ಲ ಅಂದುಬಿಡುತ್ತೀರಿ. 33ನೇ ಸೀಸನ್ ಇನ್ನೂ ವಿಚಿತ್ರ. 2020ರ ಫೆಬ್ರವರಿಯಲ್ಲಿ ಶುರುವಾಗಿ, ಮೂರು ಕಂತು ಮುಗಿಯುತ್ತಿದ್ದ ಹಾಗೆ ಕೊರೊನಾ ಬಂದು ನಿಂತು, 2021ರ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಒಂದೇ ಸೀಸನ್, ಆದರೆ ಲಂಡನ್‌ನಲ್ಲಿ ಬೋಳು ಮರ, ಸ್ವಿಟ್ಜರ್ಲೆಂಡಿನಲ್ಲಿ ಹಸಿರು ಮರ. ಕಾಲ ನೋಡದೆ ಮರ ನೋಡಿದರೆ ಕೆಟ್ಟಿತು.

ಕೊರತೆಗಳೂ ಇವೆ. ಚಿತ್ರ ಮೇಲಿನಿಂದ ತೆಗೆದದ್ದಾದ್ದರಿಂದ ಕಡಿದಾದ ಬಂಡೆಗಳು ಬೆಲ್ಲ ಕರಗಿ ಇಳಿದ ಹಾಗೆ ಕಾಣುತ್ತವೆ. ದೂರದ ಏಣು ಸರಿಯಾಗಿ ಸಿಗುತ್ತದೆ, ಹತ್ತಿರದ ಬಂಡೆಯ ಮೈ ಸಿಗೋದಿಲ್ಲ. ದೊಡ್ಡ ನಗರಗಳಲ್ಲಿ ಮನೆ, ಮರ ಎಲ್ಲ ಎದ್ದು ನಿಂತಿರುತ್ತವೆ. ನಮ್ಮ ತೆಂಗಿನ ತೋಟ ಮಾತ್ರ ನೆಲಕ್ಕೆ ಬಳಿದ ಹಸಿರು ಬಣ್ಣ. ನನ್ನ ಲ್ಯಾಪ್‌ಟಾಪ್ ಆರು ವರ್ಷದ್ದು. ನಗರದ ಮೇಲೆ ಹಾರಿದರೆ ಅದರ ಫ್ಯಾನು ಹಿಟ್ಟಿನ ಗಿರಣಿ ಸದ್ದು ಮಾಡುತ್ತದೆ. ನೆರಳಿನ ಲೆಕ್ಕಕ್ಕೆ ಇದನ್ನು ನಂಬಬೇಡಿ, ಸನ್‌ಕ್ಯಾಲ್ಕ್ ಅನ್ನೋ ಪುಕ್ಕಟೆ ತಾಣ ಅದಕ್ಕೆ ವಾಸಿ. ಆದರೆ ನಮ್ಮ ಕಡೆ ನೆರಳಿನ ಆಟ ಕಷ್ಟ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ, ನಡುಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಬೀಳೋದಿಲ್ಲ.

ಬೀದಿ ಮಟ್ಟದ ಸ್ಟ್ರೀಟ್ ವ್ಯೂ ಕೂಡ ಇದರೊಳಗೇ ಇದೆ, ಹಳದಿ ಗೊಂಬೆಯನ್ನು ರಸ್ತೆ ಮೇಲೆ ಬಿಟ್ಟರೆ ಸಾಕು. ಯುರೋಪಿನ ಫ್ರೇಮ್‌ಗಳಿಗೆ ಅದು ವರ. ನಮ್ಮ ದೇಶದ ಮಟ್ಟಿಗೆ ತಡವಾಗಿ ಬಂದದ್ದು. 2011ರಲ್ಲಿ ಬೆಂಗಳೂರಿನಲ್ಲಿ ಕ್ಯಾಮೆರಾ ಕಾರು ಓಡೋಕೆ ಶುರುವಾಗಿ, ಕೆಲವೇ ವಾರಕ್ಕೆ ಪೊಲೀಸರು ನಿಲ್ಲಿಸಿದರು. ಮತ್ತೆ ಬಂದದ್ದು 2022ರ ಜುಲೈನಲ್ಲಿ, ಬೆಂಗಳೂರೂ ಸೇರಿ ಹತ್ತು ಊರುಗಳಿಗೆ. ಹಾಗಾಗಿ ಭಾರತದ ಹಳೇ ಕಂತುಗಳನ್ನು ಬೀದಿಯಿಂದ ಹಿಡಿಯೋದು ಕಷ್ಟ. ಆಗ ಬೋರ್ಡು ಓದಬೇಕು.

ಅಲ್ಲಿ ನಮಗೆ ಕೈ ಮೇಲು. 32ನೇ ಸೀಸನ್ ಬಂದಾಗ ಜ್ಯೂರಿಕ್ ಗೆಳೆಯನ ಸಹೋದ್ಯೋಗಿಯೊಬ್ಬ ಒಂದು ಫ್ರೇಮ್ ತೋರಿಸಿ, ಇದು ನಿಮ್ಮ ಭಾಷೆ ಅಲ್ವಾ, ಬೆಂಗಳೂರಾ ಅಂತ ಕೇಳಿದ್ದನಂತೆ. ಅಂಗಡಿ ಬೋರ್ಡಿನ ಎರಡೂವರೆ ಅಕ್ಷರ, ಅದೂ ಮಸುಕು. ಹೊರಗಿನವರಿಗೆ ಕನ್ನಡ ತೆಲುಗು ಎರಡೂ ಜಿಲೇಬಿ. ನಾವು ನೋಡೋದು ತಲೆಕಟ್ಟು. ಕನ್ನಡದ್ದು ಅಡ್ಡಗೆರೆ ಎಳೆದು ತುದಿಯಲ್ಲಿ ಸುತ್ತಿಕೊಳ್ಳುತ್ತದೆ. ತೆಲುಗಿನದ್ದು ಮೇಷ್ಟ್ರು ಹಾಕೋ ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಆ ಎರಡೂವರೆ ಅಕ್ಷರದಲ್ಲಿ ಎರಡಕ್ಕೆ ಸರಿ ಗುರುತು ಇತ್ತು. ಹೈದರಾಬಾದ್ ಅಂದೆ. ಕಂತು ಬಂದಾಗ ಹೈದರಾಬಾದೇ.

ಯಾರಿಗೆ ಇದು ಬೇಡ ಅಂತಲೂ ಹೇಳಬೇಕು. ಫೋನಿನಲ್ಲೇ ಎಲ್ಲ ಮಾಡೋರಿಗೆ ಬೇಡ. ಒಂದು ನಿಮಿಷದಲ್ಲಿ ಉತ್ತರ ಬೇಕು ಅನ್ನೋರಿಗೆ ಬೇಡ. ಈಗ ಶೂಟಿಂಗ್ ನಡೆಯುತ್ತಿರೋ ಜಾಗ ಪತ್ತೆ ಮಾಡಿ ಅಲ್ಲಿಗೇ ಹೋಗಿ ನಿಲ್ಲೋರಿಗಂತೂ ಖಂಡಿತ ಬೇಡ, ಅವರು ಆಟ ಕೆಡಿಸುತ್ತಾರೆ. ನಮ್ಮ ಗುಂಪಿನಲ್ಲಿ ಯಾರದ್ದಾದರೂ ಮನೆಯ ಬಾಗಿಲು ಕಂಡ ಫ್ರೇಮ್ ಕಳಿಸೋ ಹಾಗಿಲ್ಲ ಅಂತ ಒಂದು ನಿಯಮ ಇದೆ, ಅದನ್ನು ಮುರಿದರೆ ಎರಡು ದೋಸೆ.

ಐದಕ್ಕೆ ನಾಲ್ಕು ಅಂಕ. ಒಂದು ಕಡಿಮೆ ಯಾಕೆ ಅಂದರೆ ಆ ಬೆಲ್ಲದ ಬಂಡೆಗಳಿಗೆ. ಫ್ಯಾನಿನ ಸದ್ದಿಗೆ ಅಂಕ ಕಳೆದಿಲ್ಲ, ಅದು ನನ್ನ ಲ್ಯಾಪ್‌ಟಾಪಿನ ಪಾಪ.

ಇದನ್ನು ಅಂಗಡಿಯ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಜ್ಯೂರಿಕ್‌ನಿಂದ ಹೊಸ ಫ್ರೇಮ್ ಬಂದಿದೆ. ಮರದ ಗೋಡೆಯ ಕೆಂಪು ಮನೆ, ಅದರ ಮೇಲೆ ನೆಲ ನೋಡೋ ಡಿಶ್, ಮಾಡಿನ ಮೇಲೆ ಹುಲ್ಲು ಬೆಳೆದಿದೆ. ಗುಂಪಿನಲ್ಲಿ ಆಗಲೇ ಇಬ್ಬರು ನಾರ್ವೆ ಅಂದಿದ್ದಾರೆ. ನನಗೆ ಫೇರೋ ದ್ವೀಪ ಇರಬಹುದು ಅಂತ ಅನುಮಾನ, ಯಾಕೆಂದರೆ ಹಿಂದಿನ ಬೆಟ್ಟದಲ್ಲಿ ಒಂದು ಮರವೂ ಇಲ್ಲ. ಶಟರ್ ಎಳೆಯೋಕೆ ಇನ್ನೂ ಮೂರು ಗಂಟೆ ಇದೆ, ಎದುರಿಗೆ ಒಬ್ಬರು ಚೀಟಿ ಹಿಡಿದು ನಿಂತಿದ್ದಾರೆ.